ನಲವತ್ತರ ಜೋಡಿ ಹೊಲಿಗೆ

ನನಗೆ ತಿಳಿಯಲಿಲ್ಲ ಎಂದು ನನ್ನ ತಮ್ಮನಿಗೆ ಹೇಳಬೇಕಾಗಿತ್ತು. ಹೇಳಲಿಲ್ಲ. ಇಷ್ಟೇ ನನ್ನ ತಪ್ಪು, ಬರೆದರೆ ಒಂದು ಸಾಲು ತುಂಬುವುದಿಲ್ಲ. ಆದರೆ ಆ ಒಂದು ಮಾತು ಬಾಯಿಂದ ಹೊರಗೆ ಬರದ ಕಾರಣಕ್ಕೆ ಅವನು ಕೊಳ್ಳಬೇಕೆಂದಿದ್ದ ಹಿಟ್ಟಿನ ಗಿರಣಿ ಬೇರೆಯವರ ಪಾಲಾಯಿತು. ಕಣ್ಣು ಹೋದವನು ನನ್ನ ಕಣ್ಣನ್ನು ನಂಬಿದ್ದ. ನಾನು ಕಂಡದ್ದನ್ನು ಬಿಟ್ಟು, ಹೀಗಿರಬೇಕು ಅನ್ನಿಸಿದ್ದನ್ನು ಅವನಿಗೆ ಹೇಳಿದೆ.

ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಒಂದು ಯೂನಿಟ್ಟಿನಲ್ಲಿ ಕೆಲಸ ಮಾಡುತ್ತೇನೆ. ಹೊಲಿದು ಬಂದ ಪ್ಯಾಂಟುಗಳಿಗೆ ಗುಂಡಿ ಮತ್ತು ರಿವೆಟ್ ಕೂರಿಸುವುದು ನನ್ನ ಕೆಲಸ. ಜೇಬಿನ ಮೂಲೆಯಲ್ಲಿ ತಾಮ್ರದ ಬಣ್ಣದ ಸಣ್ಣ ಮೊಳೆಯಂಥದ್ದು ಇರುತ್ತದಲ್ಲ, ಅದೇ ರಿವೆಟ್. ಒಂದು ಸಲ ಕೂತರೆ ಅದು ಮತ್ತೆ ಏಳುವುದಿಲ್ಲ. ಕಿತ್ತರೆ ಬಟ್ಟೆಗೆ ತೂತು ಬೀಳುತ್ತದೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ನಮ್ಮ ಮೇಸ್ತ್ರಿ, "ನೋಡಿ ಹೊಡಿಯವ್ವ, ರಿವೀಟಿಗೆ ರಬ್ಬರ್ ಇಲ್ಲ," ಎಂದು ಎಚ್ಚರಿಸಿದ್ದ.

ನಾನು ಓದಿದ್ದು ಏಳನೇ ತರಗತಿಯವರೆಗೆ. ನಾನು ಸಾಲೆ ಬಿಟ್ಟದ್ದರಿಂದ ತಮ್ಮ ಮುಂದೆ ಓದಿದ ಎಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು. ಅದು ಎಷ್ಟು ನಿಜವೋ ಗೊತ್ತಿಲ್ಲ. ಅವನು ಐಟಿಐ ಮಾಡಿ, ಬಳ್ಳಾರಿಯ ಹೊರಗೆ ನೀರಿನ ಪಂಪು ತಯಾರಿಸುವ ಒಂದು ಕಂಪನಿಯಲ್ಲಿ ಲೇತ್ ಯಂತ್ರದ ಮೇಲೆ ಇಪ್ಪತ್ತು ವರ್ಷ ದುಡಿದ. ಕಂಪನಿ ಷೇರು ಮಾರುಕಟ್ಟೆಗೆ ಹೋದಾಗ ಹಳೆಯ ಕೆಲಸಗಾರರಿಗೆ ಒಂದಷ್ಟು ಷೇರು ಕೊಟ್ಟಿತು. ಆಮೇಲೆ ಸಕ್ಕರೆ ಕಾಯಿಲೆ ಅವನ ಕಣ್ಣಿಗೆ ಇಳಿಯಿತು. ಮೊದಲು ನೂಲಿನಂಥ ಕಪ್ಪು ಗೆರೆಗಳು ತೇಲಿದವಂತೆ, ಆಮೇಲೆ ಮಬ್ಬು, ಆಮೇಲೆ ಏನೂ ಇಲ್ಲ. ಕಂಪನಿ ಲೆಕ್ಕ ಮುಗಿಸಿ ಕಳಿಸಿತು. ಅವನು ಹೆಂಡತಿಯ ಊರು ಸಿರುಗುಪ್ಪಕ್ಕೆ ಹೋಗಿ ನೆಲೆಸಿದ. ಹೆಂಡತಿ ರೊಟ್ಟಿ ಸುಟ್ಟು ಖಾನಾವಳಿಗಳಿಗೆ ಕೊಡುತ್ತಿದ್ದಳು. ಇವನು ಪಕ್ಕದಲ್ಲಿ ಕೂತು ಹಿಟ್ಟಿನ ಉಂಡೆ ಮಾಡಿಕೊಡುತ್ತಿದ್ದ. ಒಂದೊಂದು ಉಂಡೆಯೂ ಒಂದೇ ತೂಕ. ಲೇತಿನ ಕೈ ಅಲ್ಲವೇ.

ಆದರೆ ಅವನ ಮನಸ್ಸು ಉಂಡೆಯಲ್ಲಿ ಇರಲಿಲ್ಲ. ಅವರ ಓಣಿಯ ತುದಿಯಲ್ಲಿ ಒಬ್ಬ ಮುದುಕರು ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ವಯಸ್ಸಾಯಿತು, ಯಾರಾದರೂ ತಗೊಂಡರೆ ಕೊಟ್ಟುಬಿಡುತ್ತೇನೆ ಎನ್ನುತ್ತಿದ್ದರು. ತಮ್ಮ ದಿನಾ ಸಂಜೆ ಗೋಡೆ ಹಿಡಿದು ಅಲ್ಲಿಗೆ ಹೋಗಿ ಕೂರುತ್ತಿದ್ದ. ಒಂದು ದಿನ ನಾನೂ ಜೊತೆಗಿದ್ದೆ. ಜೋಳ ಬೀಸುವ ಸದ್ದು ಕೇಳುತ್ತ ಕೂತವನು ಇದ್ದಕ್ಕಿದ್ದಂತೆ, "ಅಜ್ಜಾರ, ಮ್ಯಾಲಿನ ಕಲ್ಲು ಒಂದು ಕಡೆ ವಾಲೈತ್ರಿ," ಎಂದ. ಮುದುಕರು ನಿಲ್ಲಿಸಿ ಬಿಚ್ಚಿ ನೋಡಿದರೆ ವಾಲಿತ್ತು.

"ನಿನಗ ಕಣ್ಣು ಯಾಕ ಬೇಕಲೇ, ಕಿವಿಗೇ ಕನ್ನಡಕ ಹಾಕ್ಯಾನ ದೇವ್ರು," ಎಂದು ಅವರು ನಕ್ಕರು.

ಆ ದಿನದಿಂದ ಗಿರಣಿ ತನ್ನದೇ ಎಂದು ತಮ್ಮ ಮನಸ್ಸಿನಲ್ಲಿ ಬರೆದುಕೊಂಡ. ಕಣ್ಣಿಲ್ಲದೆ ತಾನು ಮಾಡಬಹುದಾದ ಕೆಲಸ ಅದೊಂದೇ ಎನ್ನುತ್ತಿದ್ದ. ಕಂಪನಿ ಬಿಡುವಾಗ ಸಿಕ್ಕ ಹಣ ಬ್ಯಾಂಕಿನಲ್ಲಿತ್ತು. ಷೇರು ಮಾರಿ ಬಂದದ್ದು ಅದಕ್ಕೆ ಸೇರಿದರೆ ಗಿರಣಿ ಅವನದಾಗುತ್ತಿತ್ತು. ಆದರೆ ಷೇರನ್ನು ಯಾವಾಗ ಮಾರಬೇಕು? ಇಲ್ಲಿಂದ ನನ್ನ ಪಾತ್ರ ಶುರುವಾಯಿತು.

"ಬೆಲಿ ನೋಡಿ ಮಾರೋರು ದಡ್ಡರು ಯಕ್ಕಾ," ಎಂದ ಅವನು ಒಂದು ಭಾನುವಾರ. "ಬೆಲಿಗೂ ಲಾಭಕ್ಕೂ ಇರೋ ಅನುಪಾತ ನೋಡಬೇಕು."

"ಹಂಗಂದ್ರ?"

"ಒಂದು ಎಮ್ಮಿ ಐತಿ ಅಂತ ತಿಳ್ಕೋ. ಅರವತ್ತು ಸಾವಿರ ಬೆಲಿ. ಮೇವು ಹಿಂಡಿ ಎಲ್ಲಾ ಕಳದು ವರ್ಷಕ್ಕ ಹದಿನೈದು ಸಾವಿರ ಉಳಸತೈತಿ. ಎಷ್ಟು ವರ್ಷಕ್ಕ ನಿನ್ನ ರೊಕ್ಕ ವಾಪಸ್ ಬಂತು?"

"ನಾಕು."

"ಅದೇ ಅನುಪಾತ. ನಾಕು. ಈಗ ನಮ್ಮ ಕಂಪನಿ ಒಂದು ಷೇರು ಇನ್ನೂರಾ ಹತ್ತು. ಒಂದು ಷೇರಿಗೆ ವರ್ಷದ ಲಾಭ ಹದಿನೈದು. ಎಷ್ಟಾತು?"

ನಾನು ನೆಲದ ಮೇಲೆ ಬೆರಳಲ್ಲಿ ಭಾಗಾಕಾರ ಮಾಡಿದೆ. ಸಾಲೆಯಲ್ಲಿ ನಾನು ಕೊನೆಗೆ ಚೆನ್ನಾಗಿ ಕಲಿತದ್ದು ಅದನ್ನೇ. "ಹದಿನಾಕು," ಎಂದೆ.

"ಭೇಷ್!"

"ಹದಿನಾಕು ವರ್ಷ ಕಾಯೋ ಎಮ್ಮಿ ಯಾರು ತಗೊಂತಾರೋ ತಮ್ಮಾ?"

"ಎಮ್ಮಿ ಸಾಯತೈತಿ. ಕಂಪನಿ ಸಾಯಂಗಿಲ್ಲ."

ಒಲೆಯ ಮುಂದೆ ರೊಟ್ಟಿ ತಿರುವುತ್ತಿದ್ದ ಅವನ ಹೆಂಡತಿ, "ಎಮ್ಮಿ ಸತ್ರ ಚರ್ಮಾನರ ಸಿಗತೈತ್ರಿ ಅಕ್ಕಾರ," ಎಂದಳು. ಮೂವರೂ ನಕ್ಕೆವು. ಆ ನಗು ಈಗ ನೆನಪಾದರೆ ಎಲ್ಲಿ ಇಡಬೇಕೋ ತಿಳಿಯುವುದಿಲ್ಲ.

ಅವನು ಹೇಳಿದ ನಿಯಮ ಹೀಗಿತ್ತು. ಈ ಅಂಕಿ ಸಣ್ಣದಿದ್ದರೆ ಷೇರು ಅಗ್ಗ, ದೊಡ್ಡದಿದ್ದರೆ ತುಟ್ಟಿ. ಜನ ಆಸೆಯಿಂದ ಬೆಲೆ ಏರಿಸುತ್ತಾರೆ, ಲಾಭ ಇದ್ದಷ್ಟೇ ಇರುತ್ತದೆ, ಆಗ ಅಂಕಿ ಏರುತ್ತದೆ. ನಲವತ್ತು ದಾಟಿದ ದಿನ ಮಾರಿಬಿಡಬೇಕು. ಮೂವತ್ತೊಂಬತ್ತಕ್ಕೂ ಬೇಡ, ನಲವತ್ತೈದರವರೆಗೆ ಕಾಯುವುದೂ ಬೇಡ. ಅದನ್ನು ಅವನಿಗೆ ಕಾರ್ಖಾನೆಯ ಹಳೆಯ ಸೂಪರ್‌ವೈಸರ್ ಒಬ್ಬರು ಕಲಿಸಿದ್ದರಂತೆ. ಅಳತೆ ಎಂದರೆ ಅವನಿಗೆ ವೇದ.

ಮೂರು ತಿಂಗಳಿಗೊಮ್ಮೆ ಕಂಪನಿ ತನ್ನ ಲಾಭದ ಲೆಕ್ಕ ಹೊರಗೆ ಹಾಕುತ್ತದೆ. ನಾನು ನಮ್ಮ ಯೂನಿಟ್ಟಿನ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಅದರ ಹಾಳೆ ತೆಗೆಸಿ ಸಿರುಗುಪ್ಪಕ್ಕೆ ಒಯ್ಯಬೇಕು. ಹಾಳೆ ಇಂಗ್ಲಿಷಿನಲ್ಲಿ ಇರುತ್ತಿತ್ತು. ಅಂಗಡಿಯಾಕೆ ಮೂರು ಸಾಲಿಗೆ ಪೆನ್ನಿನಿಂದ ಗುರುತು ಹಾಕಿಕೊಟ್ಟಿದ್ದಳು. ಒಂದು ಷೇರಿನ ಬೆಲೆ, ಒಂದು ಹಿಂದಿನ ಹನ್ನೆರಡು ತಿಂಗಳಲ್ಲಿ ಷೇರಿಗೆ ಬಂದ ಲಾಭ, ಒಂದು ಅನುಪಾತ. ಅಂಕಿ ಓದಲು ನನಗೆ ಇಂಗ್ಲಿಷ್ ಬೇಕಿರಲಿಲ್ಲ.

"ಬಂತ್ ನೋಡಕ್ಕ ನಿಮ್ಮ ಕಂಪನಿ ಜಾತಕ," ಎನ್ನುತ್ತಿದ್ದಳು ಅವಳು, ಹಾಳೆ ಹೊರಬರುವಾಗ. ಅವಳ ಯಂತ್ರದಲ್ಲಿ ಮಸಿ ಸರಿಯಾಗಿ ಬೀಳುತ್ತಿರಲಿಲ್ಲ. ಅಲ್ಲಲ್ಲಿ ಅಕ್ಷರ ಹಾರಿಹೋಗಿರುತ್ತಿತ್ತು. ಇದನ್ನು ಬೇಕೆಂದೇ ಹೇಳುತ್ತಿದ್ದೇನೆ, ಮುಂದೆ ಬರುತ್ತದೆ.

ಎರಡನೇ ಸಲ ಹೋದಾಗ ತಮ್ಮ ಕೇಳಿದ: "ಯಕ್ಕಾ, ಬರೇ ಬಾಯಾಗ ಹೇಳಿದ್ರ ನನಗ ಕಾಣಂಗಿಲ್ಲ. ಏರಾದು ಇಳಿಯಾದು ಕೈಗೆ ಸಿಗೋ ಹಂಗ ಏನರ ಮಾಡಾಕ ಆಗತೈತೇನು?"

ನಾನು ಮಾಡಿದೆ. ಯೂನಿಟ್ಟಿನಲ್ಲಿ ಕತ್ತರಿಸಿ ಉಳಿದ ಡೆನಿಮ್ ಬಟ್ಟೆಯಲ್ಲಿ ಒಂದು ಮೊಳ ಉದ್ದದ ಪಟ್ಟಿ. ಅಡ್ಡಕ್ಕೆ ದಪ್ಪ ನೂಲಿನಿಂದ ಗೆರೆ ಹೊಲಿಸಿದೆ. ಕೆಳಗಿನಿಂದ ಹತ್ತು, ಇಪ್ಪತ್ತು, ಮೂವತ್ತು. ನಲವತ್ತಕ್ಕೆ ಮಾತ್ರ ಜೋಡಿ ಹೊಲಿಗೆ, ಪ್ಯಾಂಟಿನ ಪಕ್ಕಕ್ಕೆ ಹಾಕುತ್ತೇವಲ್ಲ, ಹಾಗೆ. ಮೇಲಿನ ಅಂಚು ಐವತ್ತು. ಹೋದಾಗಲೆಲ್ಲ ರಿವೆಟ್ ಕೂರಿಸುವ ಕೈ ಅಚ್ಚು ಮತ್ತು ಸುತ್ತಿಗೆ ಒಯ್ದು, ಅವನ ಮುಂದೆಯೇ, ಅಂಕಿ ಎಷ್ಟೋ ಆ ಎತ್ತರಕ್ಕೆ ಒಂದು ರಿವೆಟ್ ಹೊಡೆಯುತ್ತಿದ್ದೆ. ಅವನು ಎಡಗಡೆಯಿಂದ ಬೆರಳು ಇಟ್ಟು ರಿವೆಟ್‌ನಿಂದ ರಿವೆಟ್‌ಗೆ ಹೋಗುತ್ತಿದ್ದ, ಹೊಳೆಯಲ್ಲಿ ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟುವವರ ಹಾಗೆ.

"ಹದಿನಾಕು. ಹದಿನೈದು. ಹದಿನೆಂಟು," ಎನ್ನುತ್ತಿದ್ದ. ಒಂದೂ ತಪ್ಪುತ್ತಿರಲಿಲ್ಲ.

"ಇವತ್ತೇನ್ ಬರದೈತ್ರಿ ನಿಮ್ಮ ಹರಕ ಪ್ಯಾಂಟಿನಾಗ?" ಎಂದು ಅವನ ಹೆಂಡತಿ ಹಾಸ್ಯ ಮಾಡುತ್ತಿದ್ದಳು. ಪಟ್ಟಿಯನ್ನು ಮಡಚಿ ದಿಂಬಿನ ಕೆಳಗೆ ಇಡುವವಳು ಮಾತ್ರ ಅವಳೇ.

ಇಪ್ಪತ್ತೆರಡಾಯಿತು. ಮೂವತ್ತೊಂದಾಯಿತು. ಲಾಭ ಮಾತ್ರ ಹದಿನೈದರ ಸುತ್ತಲೇ ಇತ್ತು. ಬೆಲೆ ಒಂದೇ ಸಮನೆ ಏರುತ್ತಿತ್ತು. ನನಗೆ ಇದೇ ಅರ್ಥವಾಗುತ್ತಿರಲಿಲ್ಲ. ಎಮ್ಮೆ ಅಷ್ಟೇ ಹಾಲು ಕೊಡುತ್ತಿದೆ, ಸಂತೆಯಲ್ಲಿ ಮಾತ್ರ ದುಪ್ಪಟ್ಟು ಕೇಳುತ್ತಿದ್ದಾರೆ. ಕೊಳ್ಳುವವರು ಏನು ಕಂಡರು?

"ನಾಳಿನ ಹಾಲು ಕಂಡಾರ," ಎಂದ ತಮ್ಮ.

ನಾಳಿನ ಹಾಲನ್ನು ಇವತ್ತು ಯಾರು ಕುಡಿಯುತ್ತಾರೆ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಏಕೆಂದರೆ ಅವನು ನನ್ನನ್ನು ತಿಳಿದವಳಂತೆ ಮಾತಾಡಿಸುತ್ತಿದ್ದ. ಗಿರಣಿಯ ಮುದುಕರ ಮುಂದೆ, "ನಮ್ಮಕ್ಕ ಷೇರಿನ ಲೆಕ್ಕ ನೋಡ್ತಾಳ್ರಿ," ಎಂದು ಹೇಳುತ್ತಿದ್ದ. ಹನ್ನೆರಡು ವರ್ಷಕ್ಕೆ ಪಾಟಿಚೀಲ ಕೆಳಗಿಟ್ಟವಳಿಗೆ ಆ ಮಾತು ಎಷ್ಟು ಸಿಹಿ ಎಂದು ಹೇಗೆ ಬರೆಯಲಿ. ತಿಳಿಯದ್ದನ್ನು ಕೇಳಿದರೆ ಆ ಮಾತು ಕೈತಪ್ಪಿ ಹೋಗುತ್ತದೆ ಎಂಬ ಭಯ ಸಣ್ಣಗೆ ಆಗಲೇ ಹುಟ್ಟಿತ್ತು.

ಮೂವತ್ತೆಂಟಾಯಿತು. ಬೆಲೆ ಐನೂರಾ ಎಪ್ಪತ್ತು. ಬೆರಳು ರಿವೆಟ್ ದಾಟಿ ಜೋಡಿ ಹೊಲಿಗೆಯನ್ನು ಮುಟ್ಟಿ ಮುಟ್ಟಿ ಬಂತು.

"ಇನ್ನೆರಡು," ಎಂದ.

"ಮೂವತ್ತೆಂಟಕ್ಕ ಕೊಟ್ರ ನಲವತ್ತರ ದೇವ್ರು ಸಿಟ್ಟಾಗ್ತಾನೇನ್ರಿ?" ಎಂದಳು ಹೆಂಡತಿ.

"ಅಳತಿ ಅಂದ್ರ ಅಳತಿ. ಎರಡು ಕಡಿಮಿ ಇದ್ದದ್ದನ್ನ ಸರಿ ಅಂದಿದ್ರ ನಾ ಇಪ್ಪತ್ತು ವರ್ಷ ಲೇತಿನ ಮುಂದ ನಿಲ್ತಿರಲಿಲ್ಲ."

ಮುಂದಿನ ಸಲದ ಹಾಳೆ ನನ್ನ ಕೈಗೆ ಬಂದದ್ದು ಒಂದು ಶನಿವಾರ ಮಧ್ಯಾಹ್ನ. ಬಿಸಿಲಿಗೆ ಅಂಗಡಿಯ ಮುಂದಿನ ತಗಡು ಕಾಯುತ್ತಿತ್ತು. ಬೆಲೆ ನಾನೂರಾ ಆರು. ಇಳಿದಿದೆ. ಲಾಭ ಏಳು. ಅನುಪಾತ ಐವತ್ತೆಂಟು.

ನಾನು ಮೂರು ಸಲ ಓದಿದೆ. ಬೆಲೆ ಇಷ್ಟೊಂದು ಇಳಿದಿದೆ, ಅನುಪಾತ ಹೇಗೆ ಏರಿತು? ಇಷ್ಟು ದಿನ ಬೆಲೆ ಏರಿದಾಗ ಅದೂ ಏರುತ್ತಿತ್ತಲ್ಲ? ಇದು ತಪ್ಪು ಎಂದು ನನಗೆ ಖಾತ್ರಿಯಾಯಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದೆ. ಏಳರ ಹಿಂದೆ ಸ್ವಲ್ಪ ಖಾಲಿ ಜಾಗವಿತ್ತು. ಲಾಭ ಯಾವಾಗಲೂ ಹದಿನೈದರ ಆಸುಪಾಸು ಇರುತ್ತದೆ. ಏಳು ಹೇಗಾದೀತು? ಅದು ಹದಿನೇಳು, ಏಳರ ಹಿಂದಿನ ಒಂದು ಎಂಬ ಅಂಕಿ ಮಸಿ ಬೀಳದೆ ಹಾರಿಹೋಗಿದೆ. ಕಂಪ್ಯೂಟರು ಆ ತಪ್ಪು ಏಳರಿಂದಲೇ ಭಾಗಿಸಿ ಐವತ್ತೆಂಟು ಎಂದು ಹಾಕಿದೆ. ಮಸಿ ಹಾರುವುದು ಹಾಳೆಯ ಮೇಲೆ, ಲೆಕ್ಕ ನಡೆಯುವುದು ಒಳಗೆ ಎಂಬುದು ನನ್ನ ತಲೆಗೆ ಬರಲೇ ಇಲ್ಲ. ನಾನು ಟಿಕೆಟ್ಟಿನ ಹಿಂದೆ ನಾನೂರಾ ಆರನ್ನು ಹದಿನೇಳರಿಂದ ಭಾಗಿಸಿದೆ. ಸುಮಾರು ಇಪ್ಪತ್ತನಾಲ್ಕು ಬಂತು. ಬೆಲೆ ಇಳಿದಿದೆ, ಅನುಪಾತವೂ ಇಳಿದಿದೆ. ಎಲ್ಲ ಸರಿಹೋಯಿತು. ಅದಕ್ಕೂ ಮೇಲೆ, ಐವತ್ತೆಂಟಕ್ಕೆ ನನ್ನ ಪಟ್ಟಿಯಲ್ಲಿ ಬಟ್ಟೆಯೇ ಇರಲಿಲ್ಲ.

ಕಂಪ್ಯೂಟರಿನ ತಪ್ಪು ಹಿಡಿದೆನೆಂದು ಸಿರುಗುಪ್ಪದಲ್ಲಿ ಇಳಿಯುವಾಗ ನನಗೆ ಹೆಮ್ಮೆಯಾಗಿತ್ತು. ಇದನ್ನು ಬರೆಯಲು ಈಗ ಮುಖ ಬಿಸಿಯಾಗುತ್ತದೆ. ಹೆಮ್ಮೆ ಪಟ್ಟವಳು ಅದನ್ನಾದರೂ ತಮ್ಮನಿಗೆ ಹೇಳಿಕೊಳ್ಳಬಹುದಿತ್ತು. ಹಾಳೆಯಲ್ಲಿ ಏಳು ಅಂತ ಇದೆಯಪ್ಪ, ನಾನು ಹದಿನೇಳು ಮಾಡಿಕೊಂಡೆ ಎಂದಿದ್ದರೆ ಅವನು ಅರೆಗಳಿಗೆಯಲ್ಲಿ ಹಿಡಿಯುತ್ತಿದ್ದ. ನಾನು ಹೇಳಿದ್ದು ಬೆಲೆ ನಾನೂರಾ ಆರು, ಲಾಭ ಹದಿನೇಳು ಎಂದಷ್ಟೇ. ಇಪ್ಪತ್ತನಾಲ್ಕಕ್ಕೆ ರಿವೆಟ್ ಹೊಡೆದೆ.

ಅವನು ಬೆರಳಾಡಿಸಿದ. ಮೂವತ್ತೆಂಟರಿಂದ ಕೆಳಕ್ಕೆ ಇಳಿಯುವಾಗ ಬೆರಳು ಹುಡುಕಾಡಿತು.

"ಲಾಭ ಏರೈತಿ, ಬೆಲಿ ಬಿದ್ದೈತಿ! ಯಾಕ?"

"ನನಗೇನ್ ಗೊತ್ತು."

ಆ ದಿನ ನಾನು ಆಡಿದ ನಿಜವಾದ ಮಾತು ಅದೊಂದೇ. ಅವನು ಅದನ್ನು ಕೇಳಿಸಿಕೊಳ್ಳಲಿಲ್ಲ. ಯೋಚನೆಯಲ್ಲಿ ಮುಳುಗಿದ್ದ.

ಮೂರು ತಿಂಗಳ ನಂತರದ ಹಾಳೆಯ ವಿಷಯ ಬೇರೆ. ಅಲ್ಲಿ ನಾನು ಮೋಸಹೋದೆ ಎಂದು ಹೇಳಿಕೊಳ್ಳಲಾರೆ. ಬೆಲೆ ಇನ್ನೂರಾ ತೊಂಬತ್ತು. ಲಾಭದ ಸಾಲಿನಲ್ಲಿ ಮೂರು, ಅದರ ಹಿಂದೆ ಒಂದು ಸಣ್ಣ ಅಡ್ಡಗೆರೆ. ಅನುಪಾತದ ಸಾಲಿನಲ್ಲಿ ಅಂಕಿಯೇ ಇಲ್ಲ, ಬರೀ ಗೆರೆ.

"ಇಲ್ಲಿ ಏನೂ ಬಿದ್ದಿಲ್ಲಲ್ಲ?" ಎಂದು ಅಂಗಡಿಯಾಕೆಯನ್ನು ಕೇಳಿದೆ.

"ಕಂಪ್ಯೂಟರಿನಾಗೂ ಹಂಗೇ ಐತಕ್ಕ. ಗೆರಿ ಅಷ್ಟೇ. ನನಗ ಪ್ರಿಂಟ್ ಹೊಡಿಯೋದು ಗೊತ್ತು, ಜಾತಕ ಓದಾಕ ಬರಂಗಿಲ್ಲ."

ಏಳನೇ ತರಗತಿಯಲ್ಲಿ ನಮಗೆ ಋಣ ಸಂಖ್ಯೆ ಹೇಳಿಕೊಟ್ಟಿದ್ದರು. ಅಂಕಿಯ ಹಿಂದಿನ ಅಡ್ಡಗೆರೆ ಏನೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ, ಇದು ಮಲಗಿದ ಒಂದು, ಹದಿಮೂರು ಇರಬೇಕು ಎಂದು ಬಸ್ಸಿನಲ್ಲಿ ಮನಸ್ಸಿಗೆ ಹೇಳಿಕೊಂಡೆ. ಮನಸ್ಸು ಒಪ್ಪಲಿಲ್ಲ. ಹಾಗಾದರೆ ಹೋದ ಸಲದ ಏಳು? ಅದೂ ಏಳೇ ಆಗಿತ್ತೇ? ಅದು ಏಳಾಗಿದ್ದರೆ ಐವತ್ತೆಂಟೂ ನಿಜ, ನಲವತ್ತು ಅಂದೇ ದಾಟಿತ್ತು. ಅಲ್ಲಿಗೆ ಬಂದು ಯೋಚನೆ ಬಿಸಿ ಕಬ್ಬಿಣ ಮುಟ್ಟಿದಂತೆ ಹಿಂದಕ್ಕೆ ಸರಿಯುತ್ತಿತ್ತು. ಗದ್ದೆಗಳಲ್ಲಿ ಭತ್ತ ನಿಂತಿತ್ತು. ನಾನು ಅದನ್ನೇ ನೋಡುತ್ತ ಕೂತೆ. ಇನ್ನೂರಾ ತೊಂಬತ್ತನ್ನು ಹದಿಮೂರರಿಂದ ಭಾಗಿಸಿದರೆ ಇಪ್ಪತ್ತೆರಡು ಚಿಲ್ಲರೆ. ತಮ್ಮನಿಗೆ ಲಾಭ ಹದಿಮೂರು ಎಂದು ಹೇಳಿ ಇಪ್ಪತ್ತೆರಡಕ್ಕೆ ರಿವೆಟ್ ಹೊಡೆದೆ. ಸುತ್ತಿಗೆಯ ಪೆಟ್ಟು ಅವತ್ತು ಎರಡು ಸಲ ಜಾರಿತು.

"ಪೆಟ್ಟು ಜಾರಾಕ್ ಹತ್ತೈತಲ್ಲ ಯಕ್ಕಾ?"

"ಬಸ್ಸಿನಾಗ ನಿಂತು ಬಂದೀನಿ."

ಅವನು ಮೂವತ್ತೆಂಟರಿಂದ ಹೊಸ ರಿವೆಟ್‌ವರೆಗೆ ಎರಡು ಸಲ ಬೆರಳಾಡಿಸಿದ. ಆಮೇಲೆ ಅವನ ಮುಖ ಅರಳಿತು. ಅಷ್ಟು ಅರಳಿದ್ದನ್ನು ಕಣ್ಣು ಹೋದಮೇಲೆ ನಾನು ನೋಡಿರಲಿಲ್ಲ.

"ತಿಳೀತು ನೋಡು! ಕಂಪನಿ ಲಾಭ ಮಾಡಾಕ್ ಹತ್ತೈತಿ. ಜನ ಸುಮ್ನ ಹೆದರಿ ಮಾರಾಕ್ ಹತ್ಯಾರ. ಬೆಲಿ ಅದಕ್ಕ ಬಿದ್ದೈತಿ. ಅಗ್ಗದಾಗ ಸಿಗತೈತಿ ಯಕ್ಕಾ. ಇದು ಮಾರೋ ಹೊತ್ತಲ್ಲ, ಕೊಳ್ಳೋ ಹೊತ್ತು. ಬ್ಯಾಂಕಿನ ರೊಕ್ಕ ಹಾಕಿಬಿಡೋಣ. ಮತ್ತ ನಲವತ್ತಕ್ಕ ಹೋದಾಗ ಗಿರಣಿ ಒಂದೇ ಅಲ್ಲ, ಖಾರ ಕುಟ್ಟೋ ಮಿಷಿನ್ನೂ ಹಾಕ್ತೀನಿ."

ಅವನ ಹೆಂಡತಿ ರೊಟ್ಟಿಯ ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಅಕ್ಕಾರ, ಖರೇನ ಏನ್ರಿ?"

ನಾನು, "ಅವನಿಗೆ ಗೊತ್ತಿರತೈತಿ," ಎಂದೆ.

ಮುಂದಿನ ಸೋಮವಾರ ಅವನನ್ನು ಕೈಹಿಡಿದು ಬಳ್ಳಾರಿಗೆ ಕರೆತಂದವಳೂ ನಾನೇ. ಷೇರು ಕೊಡಿಸುವ ಕಚೇರಿ ಎರಡನೇ ಮಹಡಿಯಲ್ಲಿತ್ತು. ಅವನು ಮೆಟ್ಟಿಲು ಎಣಿಸುತ್ತ ಹತ್ತಿದ. ಅಲ್ಲಿನವರು ಒಂದು ಫಾರಂ ತುಂಬಿ, ಬೆರಳನ್ನು ಸಹಿಯ ಜಾಗಕ್ಕೆ ಇಟ್ಟುಕೊಟ್ಟು, "ಎಲ್ಲಾ ವಿಚಾರ ಮಾಡೀರಲ್ರಿ? ಆಮ್ಯಾಲ ನಮ್ಮನ್ನ ಕೇಳಬ್ಯಾಡ್ರಿ," ಎಂದರು.

"ನಮ್ಮಕ್ಕ ಎಲ್ಲಾ ನೋಡ್ಯಾಳ್ರಿ," ಎಂದ ತಮ್ಮ, ನಗುತ್ತ.

ಆ ಕಚೇರಿಯವರು ನನ್ನ ಕಡೆ ತಿರುಗಿದರು. ಅವರ ಮೇಜಿನ ಮೇಲೆ ಒಂದು ನೀರಿನ ಬಾಟಲಿ, ಒಂದು ಸ್ಟೇಪ್ಲರ್, ಅರ್ಧ ತಿಂದ ಬಿಸ್ಕತ್ತಿನ ಪೊಟ್ಟಣ. ಒಂದು ಮಾತು ಸಾಕಿತ್ತು. ಆ ಗೆರೆ ಏನ್ರಿ ಎಂದು ಕೇಳಿದ್ದರೆ ಸಾಕಿತ್ತು. ಅವರು ಪರರು, ನನಗೆ ಅವರ ಮುಂದೆ ಕಳೆದುಕೊಳ್ಳುವ ಮಾನವೇನೂ ಇರಲಿಲ್ಲ. ಆದರೆ ತಮ್ಮ ಪಕ್ಕದಲ್ಲಿದ್ದ. ನಾನು ತಲೆಯಾಡಿಸಿದೆ. ಅವನು ಸಹಿ ಮಾಡಿದ. ಕೆಳಗೆ ಬಂದು ಮಂಡಾಳು ಒಗ್ಗರಣೆ, ಮಿರ್ಚಿ ತಿಂದೆವು. ಅವನೇ ಕೊಡಿಸಿದ. ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂತೆಂದು ಹೇಳಿದೆ.

ಅದಾದ ಮೇಲೆ ಬೆಲೆ ಇಳಿಯುತ್ತಲೇ ಹೋಯಿತು. ಮುಂದಿನ ಸಲದ ಹಾಳೆಯಲ್ಲಿ ಬೆಲೆ ನೂರಾ ನಲವತ್ತು, ಅನುಪಾತಕ್ಕೆ ಮತ್ತೆ ಬರೀ ಗೆರೆ. ನಾನು ಸಿರುಗುಪ್ಪಕ್ಕೆ ಹೋಗಲಿಲ್ಲ. ಯೂನಿಟ್ಟಿನಲ್ಲಿ ಹಬ್ಬದ ಆರ್ಡರು ಬಂದಿದೆ ಎಂದೆ. ಫೋನಿನಲ್ಲಿ ಅವನು, "ಪಟ್ಟಿ ಕಾಯಾಕ್ ಹತ್ತೈತಿ ಯಕ್ಕಾ," ಎನ್ನುತ್ತಿದ್ದ.

ಆ ದಿನಗಳಲ್ಲಿ ಯೂನಿಟ್ಟಿನವರು ನನ್ನನ್ನು ಕುರುಗೋಡಿಗೆ ಕಳಿಸಿದರು. ಅಲ್ಲಿ ಮನೆಗಳಲ್ಲಿ ಹೊಲಿಯುವ ಹೆಂಗಸರಿಗೆ ಕತ್ತರಿಸಿದ ಬಟ್ಟೆಯ ಗಂಟು ತಲುಪಿಸಿ, ಹೊಲಿದದ್ದನ್ನು ತರಬೇಕಿತ್ತು. ವಾಪಸ್ ಬಸ್ಸಿಗೆ ಕಾಯುತ್ತ ನಿಂತಾಗ ಎದುರಿಗೆ ಒಂದು ಪಂಪಿನ ಅಂಗಡಿ ಕಂಡಿತು. ಬೋರ್ಡಿನ ಮೇಲೆ ತಮ್ಮನ ಕಂಪನಿಯ ಗುರುತು. ಒಳಗೆ ಪೈಪು, ಕೇಬಲ್ಲು, ಬೇರೆ ಕಂಪನಿಯ ಪಂಪುಗಳು. ಗಂಟನ್ನು ಹೊರಗೆ ಇಟ್ಟು ನಾನು ಒಳಗೆ ಹೋದೆ. ಗಲ್ಲದ ಮೇಲೆ ಕೈಯಿಟ್ಟು ಕೂತಿದ್ದ ಅಂಗಡಿಯ ಯಜಮಾನರು, "ಏನ್ ಬೇಕವ್ವ?" ಎಂದರು.

"ಈ ಬೋರ್ಡಿನ ಪಂಪು ಐತೇನ್ರಿ?"

"ಬೋರ್ಡ್ ಬೇಕಾರ ಒಯ್ಯಿ. ಪಂಪು ಬಂದು ಆರು ತಿಂಗಳ ಮ್ಯಾಲಾತು. ಈಗೆಲ್ಲಾ ಸೋಲಾರ್ ಕೇಳ್ತಾರ, ಇವರು ಮಾಡಂಗಿಲ್ಲ. ನಷ್ಟದಾಗ ಅದಾರ. ಕಾರ್ಖಾನಿ ವಾರಕ್ಕ ಮೂರು ದಿನ ನಡೀತೈತಂತ."

ಕೇಳುವವಳು ನಾನೇ ಎಂದು ನನಗೇ ನಂಬಿಕೆಯಾಗದಂತೆ ಕೇಳಿದೆ. "ಯಜಮಾನ್ರ, ಕಂಪನಿ ನಷ್ಟದಾಗ ಇದ್ರ, ಬೆಲಿಗೂ ಲಾಭಕ್ಕೂ ಅನುಪಾತ ಹಾಕ್ತಾರಲ್ರಿ, ಅದು ಎಷ್ಟು ಬರತೈತಿ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಹೊರಗಿದ್ದ ಬಟ್ಟೆಯ ಗಂಟನ್ನೂ ನೋಡಿದರು. ಆಮೇಲೆ ನಗಲಿಲ್ಲ, ಅದೇ ದೊಡ್ಡದು.

"ಏನೂ ಬರಂಗಿಲ್ಲವ್ವ. ಒಣಗಿದ ಬಾವಿಗೆ ಪಂಪು ಇಟ್ಟು, ತೊಟ್ಟಿ ಎಷ್ಟು ತಾಸಿಗೆ ತುಂಬತೈತಿ ಅಂತ ಕೇಳಿದ್ರ ಏನ್ ಹೇಳ್ಲಿ? ಬಾವಿ ಬತ್ತಾಕ ಹತ್ತಿದಾಗ ತಾಸು ಜಾಸ್ತಿ ಆಕ್ಕೊಂತ ಹೊಕ್ಕಾವ. ಪೂರಾ ಬತ್ತಿದ ಮ್ಯಾಲ ಲೆಕ್ಕಾನ ಇಲ್ಲ."

ತಾಸು ಜಾಸ್ತಿ ಆಗುತ್ತ ಹೋಗುತ್ತವೆ. ಐವತ್ತೆಂಟು. ಏಳು ಏಳೇ ಆಗಿತ್ತು. ಬಸ್ಸು ಬಂದು ಹೋಯಿತು, ನಾನು ಮುಂದಿನ ಬಸ್ಸು ಹಿಡಿದೆ. ಒಂದು ವಿಷಯ ಮಾತ್ರ ಈಗಲೂ ಬಗೆಹರಿದಿಲ್ಲ. ಬಾವಿ ಬತ್ತಿದ್ದು ಎಲ್ಲರಿಗೂ ಗೊತ್ತಿದ್ದರೆ, ಆ ಷೇರನ್ನು ನೂರಾ ನಲವತ್ತಕ್ಕಾದರೂ ಯಾರೋ ಕೊಳ್ಳುತ್ತಿದ್ದರಲ್ಲ, ಅವರು ಯಾರು? ಅವರ ಮನೆಯಲ್ಲೂ ಯಾರಾದರೂ ಅಕ್ಕ ಹಾಳೆ ಓದುತ್ತಿದ್ದಳೇ?

ಮುಂದಿನ ಭಾನುವಾರ ಸಿರುಗುಪ್ಪಕ್ಕೆ ಹೋದೆ. ಸುತ್ತಿಗೆ ಒಯ್ದೆ, ಕೈ ಅಚ್ಚು ಒಯ್ದೆ, ಜೊತೆಗೆ ಇಕ್ಕಳ, ಸೂಜಿ ನೂಲು, ಒಂದು ತುಂಡು ಡೆನಿಮ್. ಓಣಿಗೆ ತಿರುಗುವಾಗ ಗಿರಣಿಯ ಸದ್ದು ಕೇಳಿತು. ಬಾಗಿಲಲ್ಲಿ ಬೇರೆ ಯಾರೋ ನಿಂತಿದ್ದರು. ಮುದುಕರು ಹೋದ ತಿಂಗಳೇ ಕೊಟ್ಟುಬಿಟ್ಟರು ಎಂದು ತಮ್ಮನ ಹೆಂಡತಿ ಹೊಸ್ತಿಲಲ್ಲೇ ಹೇಳಿದಳು. ಎಷ್ಟಂತ ಕಾಯಬೇಕು ಅವರಾದರೂ.

ತಮ್ಮ ಉಂಡೆ ಮಾಡುತ್ತಿದ್ದ. ನನ್ನ ಹೆಜ್ಜೆ ಕೇಳಿ ಕೈ ತೊಳೆದುಕೊಂಡ.

"ಬಂದ್ಯಾ? ಎಷ್ಟೈತಿ?"

"ಪಟ್ಟಿ ಕೊಡು," ಎಂದೆ.

ನೆಲದ ಮೇಲೆ ಪಟ್ಟಿ ಹಾಸಿ, ಮೊದಲು ಕೊನೆಯ ರಿವೆಟ್‌ಗೆ ಇಕ್ಕಳ ಹಾಕಿ ಕಿತ್ತೆ. ಅದು ಕಿರ್ರೆಂದು ಬಂತು. ಅದರ ಹಿಂದಿನದನ್ನೂ ಕಿತ್ತೆ.

"ಏನ್ ಮಾಡಾಕ್ ಹತ್ತಿ? ಅದು ಸುತ್ತಿಗಿ ಸದ್ದಲ್ಲ."

"ತಡಿ."

ಪಟ್ಟಿಯ ಮೇಲಿನ ಅಂಚಿಗೆ ಡೆನಿಮ್ ತುಂಡನ್ನು ಇಟ್ಟು ಕೈಯಲ್ಲೇ ಹೊಲಿದೆ. ದಪ್ಪ ಬಟ್ಟೆ, ಸೂಜಿ ಎರಡು ಸಲ ಬೆರಳಿಗೆ ಚುಚ್ಚಿತು. ಅವನು ನೂಲು ಎಳೆಯುವ ಸದ್ದನ್ನೇ ಕೇಳುತ್ತ ಕೂತ. ಅವನ ಹೆಂಡತಿ ಒಲೆಯ ಬೆಂಕಿ ಹಿಂದಕ್ಕೆ ಎಳೆದು ಬಂದು ನಿಂತಳು. ಆಮೇಲೆ ಹೊಸ ತುಂಡಿನಲ್ಲಿ, ಐವತ್ತೆಂಟರ ಎತ್ತರಕ್ಕೆ ಅಳೆದು, ಒಂದು ರಿವೆಟ್ ಹೊಡೆದೆ. ಪಟ್ಟಿಯನ್ನು ಅವನ ತೊಡೆಯ ಮೇಲೆ ಇಟ್ಟೆ.

ಬೆರಳು ಎಡಗಡೆಯಿಂದ ಹೊರಟಿತು. ಹದಿನಾಲ್ಕು, ಹದಿನೈದು, ಹದಿನೆಂಟು. ಮೂವತ್ತೆಂಟರಲ್ಲಿ ನಿಂತು, ಅಭ್ಯಾಸದಂತೆ ಇಪ್ಪತ್ತನಾಲ್ಕಕ್ಕೆ ಇಳಿಯಿತು. ಅಲ್ಲಿ ತೂತಿತ್ತು. ಉಗುರು ತೂತಿನ ಅಂಚನ್ನು ಸುತ್ತಿತು. ಬೆರಳು ಮೇಲಕ್ಕೆ ಹೊರಟಿತು. ಜೋಡಿ ಹೊಲಿಗೆ ದಾಟಿತು. ಹಳೆಯ ಅಂಚು ದಾಟಿತು. ಹೊಸ ಬಟ್ಟೆಯ ಮೇಲೆ ಆ ಒಂಟಿ ರಿವೆಟ್ ಸಿಕ್ಕಿತು.

"ಐವತ್ತೆಂಟು," ಎಂದ. "ಲಾಭ ಎಷ್ಟಿತ್ತು?"

"ಏಳು."

"ಹದಿನೇಳು ಅಂದಿದ್ದಿ."

"ಅಂದಿದ್ದೆ."

"ಮುಂದಿಂದು?"

"ಮುಂದ ರಿವೀಟ್ ಇಲ್ಲ. ಹಾಳಿಯಾಗ ಗೆರಿ ಇತ್ತು. ನಷ್ಟ."

ಅವನ ಬೆರಳು ಎರಡನೇ ತೂತನ್ನು ಹುಡುಕಿ ಅದರ ಮೇಲೆ ಕೂತಿತು. ಹೊರಗೆ ಗಿರಣಿ ನಡೆಯುತ್ತಿತ್ತು. ಅವನು ಅದರ ಕಡೆಗೆ ಕಿವಿ ತಿರುಗಿಸಿದ. ಕಲ್ಲು ಸರಿಯಾಗಿದೆಯೋ ವಾಲಿದೆಯೋ ಹೇಳಲಿಲ್ಲ. ಅವನ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಬೈದುಬಿಡೋ," ಎಂದೆ.

"ಬೈದು ಏನ್ ಮಾಡ್ಲಿ." ಅವನ ದನಿ ಮೆತ್ತಗಿತ್ತು. "ನನಗ ಒಂದು ತಿಳೀವಲ್ದು ಯಕ್ಕಾ. ಗೊತ್ತಾಗಲಿಲ್ಲ ಅಂದಿದ್ರ ಆಗ್ತಿತ್ತಲ್ಲ. ಕಣ್ಣಿಲ್ಲದಾವ ನಾನು, ದಿನಕ್ಕ ಹತ್ತು ಸಲ ಗೊತ್ತಾಗಲಿಲ್ಲ ಅಂತೀನಿ. ಅದೇನ್ ದೊಡ್ಡ ಮಾತು?"

ಅವನ ಕೈ ಹಿಡಿದುಕೊಂಡೆ. ಬೆರಳ ಸಂದಿಯಲ್ಲಿ ಇನ್ನೂ ಒಣಗಿದ ಹಿಟ್ಟಿತ್ತು. ಬಸ್ಸಿನಲ್ಲಿ ಬರುತ್ತ ಏನೇನೋ ಜೋಡಿಸಿಕೊಂಡಿದ್ದೆ, ಮಸಿ, ಅಂಗಡಿ, ಹಬ್ಬದ ಆರ್ಡರು. ಅದ್ಯಾವುದೂ ಬಾಯಿಗೆ ಬರಲಿಲ್ಲ.

"ತಪ್ಪಾತೋ ನನ್ನಪ್ಪಾ," ಎಂದೆ. "ನನಗ ತಿಳಿಲಿಲ್ಲ. ಎರಡನೇ ಸಲ ತಿಳಿದಿತ್ತು, ಆದ್ರೂ ಹೇಳಲಿಲ್ಲ. ಸಾಲಿ ಬಿಟ್ಟಾಕಿ ಅಂತ ನೀನೂ ಅಂದುಬಿಡ್ತಿ ಅಂತ ಅಂಜಿದೆ. ನಿನ್ನ ಗಿರಣಿ ನಾ ಕಳದೆ. ತಪ್ಪಾತು."